ಮೌನವೂ ಒಂದು ಉತ್ತರ: ಸರಕಾರಿ ನೌಕರರ ಮನವಿ, ಮೇಲ್ಮನವಿ ಮತ್ತು ಕಾಲಮಿತಿ

ಪೆರಿಯಾರ್ ನದಿಯ ದಡದ ಆಲುವ ಪಟ್ಟಣವು ಕೊಚ್ಚಿ ಮಹಾನಗರದ ಉತ್ತರದ ಬಾಗಿಲು. 2017ರ ಜೂನ್ ತಿಂಗಳಲ್ಲಿ ಮೆಟ್ರೋ ರೈಲು ಇಲ್ಲಿಂದಲೇ ಓಡಲು ತೊಡಗಿದ ಬಳಿಕ, ನಗರದ ಬಾಡಿಗೆಯ ಹೊರೆ ತಾಳಲಾರದ ಅನೇಕ ನೌಕರ ಕುಟುಂಬಗಳು ಆಲುವದ ಸುತ್ತಮುತ್ತ ನೆಲೆಸಿವೆ. ಅವರಲ್ಲಿ ನಮ್ಮವರೂ ಇದ್ದಾರೆ. ರೈಲ್ವೆ, ಅಂಚೆ, ಆದಾಯ ತೆರಿಗೆ, ಸುಂಕ ಇಲಾಖೆ, ನೌಕಾದಳದ ನಾಗರಿಕ ವಿಭಾಗ, ಕೇಂದ್ರೀಯ ವಿದ್ಯಾಲಯ ಎಂದು ಒಂದಲ್ಲ ಒಂದು ಕಚೇರಿಯ ವರ್ಗಾವಣೆಯ ಆದೇಶ ಹಿಡಿದು ಮಂಗಳೂರು, ಉಡುಪಿ, ಕಾಸರಗೋಡು, ಧಾರವಾಡಗಳಿಂದ ಬಂದವರು ಇವರು. ತಿರುವನಂತಪುರದಲ್ಲಿ ಬಾಹ್ಯಾಕಾಶ ಕೇಂದ್ರದ ಉದ್ಯೋಗಕ್ಕೆಂದು ಬಂದು ಅಲ್ಲಿಯವರೇ ಆದ ಕನ್ನಡಿಗರ ಸಂಖ್ಯೆಯೂ ಕಡಿಮೆಯಲ್ಲ.

ಇಂಥ ಕುಟುಂಬಗಳು ಕೂಡಿದಲ್ಲಿ ಹಬ್ಬಹರಿದಿನ, ಮಕ್ಕಳ ಓದು, ಊರಿನ ಮಳೆಬೆಳೆಗಳ ಮಾತು ಮುಗಿದ ಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ಹೊರಡುತ್ತದೆ. ಸಿಗಬೇಕಾದ ಬಡ್ತಿ ಸಿಗಲಿಲ್ಲ, ವೇತನ ನಿಗದಿಯಲ್ಲಿ ತಪ್ಪಾಗಿದೆ, ನಿವೃತ್ತಿಯ ಹೊತ್ತಿಗೆ ಹಳೆಯ ಲೆಕ್ಕ ತೆಗೆದು ಹಣ ಕಡಿತ ಮಾಡಿದರು ಎಂಬ ದೂರುಗಳವು. ‘ಏನು ಮಾಡಿದಿರಿ?’ ಎಂದು ಕೇಳಿದರೆ ಬಹುಮಂದಿಯ ಉತ್ತರ ಒಂದೇ: ‘ಮನವಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಕಾಯುತ್ತಿದ್ದೇನೆ.’

ಈ ‘ಕಾಯುತ್ತಿದ್ದೇನೆ’ ಎಂಬ ಮಾತನ್ನು ಕುರಿತೇ ನಾವು ಇಂದು ಬರೆಯಬೇಕಾಗಿದೆ. ಸರಕಾರಿ ಸೇವೆಗೆ ಸಂಬಂಧಿಸಿದ ವ್ಯಾಜ್ಯಗಳಲ್ಲಿ ನ್ಯಾಯವು ನೌಕರನ ಪಕ್ಷದಲ್ಲಿದ್ದರೂ ದಿನದ ಲೆಕ್ಕ ತಪ್ಪಿದ್ದರಿಂದ ಕೈತಪ್ಪುವುದುಂಟು. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ಮದುವೆಯ ಮನೆಯಲ್ಲಿ ನಡೆದೀತು. ಸೇವಾ ಕಾನೂನಿನಲ್ಲಿ ಇಲಾಖೆಯ ಮೌನವು ಆರು ತಿಂಗಳಾದ ಬಳಿಕ ನಿರಾಕರಣೆಗೆ ಸಮಾನ. ಅಂದಿನಿಂದಲೇ ಗಡಿಯಾರ ಓಡತೊಡಗುತ್ತದೆ. ಇದನ್ನು ನೌಕರನಿಗೆ ತಿಳಿಸುವ ಹೊಣೆಯನ್ನು ಮಾತ್ರ ಯಾರೂ ಹೊತ್ತಿಲ್ಲ.

ನ್ಯಾಯಮಂಡಳಿಗಳು ಬಂದ ಬಗೆ

ಸರಕಾರಿ ನೌಕರರ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಮಂಡಳಿ ಇರಬೇಕೆಂಬ ಆಲೋಚನೆಗೆ 1976ರ 42ನೆಯ ತಿದ್ದುಪಡಿಯು ಸಂವಿಧಾನದಲ್ಲಿ 323-ಎ ವಿಧಿಯ ರೂಪದಲ್ಲಿ ನೆಲೆ ಒದಗಿಸಿತು. ಅದರ ಅನ್ವಯ 1985ರಲ್ಲಿ ಆಡಳಿತ ನ್ಯಾಯಮಂಡಳಿಗಳ ಕಾಯಿದೆ ಬಂದಿತು. ಅದೇ ವರ್ಷದ ನವೆಂಬರ್ 1ರಂದು, ನಮ್ಮ ರಾಜ್ಯೋತ್ಸವದ ದಿನವೇ, ಕೇಂದ್ರ ಆಡಳಿತ ನ್ಯಾಯಮಂಡಳಿ ಅಸ್ತಿತ್ವಕ್ಕೆ ಬಂದಿತು. ಬೆಂಗಳೂರಿನಲ್ಲಿ ಅದರ ಪೀಠವಿರುವಂತೆ ಎರ್ನಾಕುಳಂನಲ್ಲಿಯೂ ಒಂದು ಪೀಠವಿದೆ. ಕೇರಳ ಮತ್ತು ಲಕ್ಷದ್ವೀಪಗಳ ಕೇಂದ್ರ ನೌಕರರ ಅರ್ಜಿಗಳು ಇಲ್ಲಿಗೆ ಬರುತ್ತವೆ.

ರಾಜ್ಯ ಸರಕಾರದ ನೌಕರರಿಗಾಗಿ ಕರ್ನಾಟಕವು 1986ರಲ್ಲಿಯೇ ತನ್ನ ಆಡಳಿತ ನ್ಯಾಯಮಂಡಳಿಯನ್ನು ಪಡೆಯಿತು. ಕೇರಳದಲ್ಲಿ ಅದು ಸ್ಥಾಪನೆಯಾದುದು 2010ರಲ್ಲಿ. ಮುಖ್ಯ ಪೀಠ ತಿರುವನಂತಪುರದಲ್ಲಿ, ಹೆಚ್ಚುವರಿ ಪೀಠ ಎರ್ನಾಕುಳಂನಲ್ಲಿ. ಈ ಬದಲಾವಣೆಯ ಮಹತ್ವವನ್ನು ನಮ್ಮ ಕಾಸರಗೋಡಿನ ಬಂಧುಗಳು ವಿಶೇಷವಾಗಿ ಗಮನಿಸಬೇಕು. ಅದಕ್ಕೂ ಮೊದಲು ಕೇರಳ ರಾಜ್ಯ ನೌಕರನು ರಿಟ್ ಅರ್ಜಿಯೊಡನೆ ನೇರವಾಗಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರುತ್ತಿದ್ದನು. ಸಂವಿಧಾನದ 226ನೆಯ ವಿಧಿಯ ಆ ಅರ್ಜಿಗೆ ಇಂತಿಷ್ಟೇ ದಿನ ಎಂಬ ಶಾಸನಬದ್ಧ ಗಡುವು ಇಲ್ಲ. ಅತಿಯಾದ ವಿಳಂಬವಾಗಿದೆಯೇ ಎಂಬುದನ್ನು ನ್ಯಾಯಾಧೀಶರು ತಮ್ಮ ವಿವೇಚನೆಯಿಂದ ತೂಗುತ್ತಾರೆ. ನ್ಯಾಯಮಂಡಳಿ ಬಂದೊಡನೆ 1985ರ ಕಾಯಿದೆಯ ಒಂದು ವರ್ಷದ ಗೆರೆ ರಾಜ್ಯ ನೌಕರನಿಗೂ ಅನ್ವಯವಾಯಿತು.

ಮೂರು ಗಡುವುಗಳು

ಮೊದಲನೆಯದು ಇಲಾಖೆಯೊಳಗಿನ ಮೇಲ್ಮನವಿಯ ಗಡುವು. ಕೇಂದ್ರ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು 1965ರ 25ನೆಯ ನಿಯಮದಂತೆ, ಶಿಸ್ತುಕ್ರಮದ ಆದೇಶದ ಪ್ರತಿ ಕೈಗೆ ಬಂದ ದಿನದಿಂದ 45 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ರೈಲ್ವೆ ನೌಕರರ 1968ರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳಲ್ಲಿಯೂ ಅವಧಿ 45 ದಿನಗಳೇ. ತಕ್ಕ ಕಾರಣವಿದ್ದರೆ ತಡವಾದುದನ್ನೂ ಸ್ವೀಕರಿಸುವ ಅಧಿಕಾರ ಮೇಲಧಿಕಾರಿಗೆ ಉಂಟು. ಆದರೆ ಅದು ಅವರ ವಿವೇಚನೆ, ನಮ್ಮ ಹಕ್ಕಲ್ಲ. ರಾಜ್ಯ ಸರಕಾರಗಳಿಗೆ ಅವುಗಳದೇ ನಿಯಮಗಳಿವೆ. ಕೇಂದ್ರದ ಲೆಕ್ಕವನ್ನು ರಾಜ್ಯಕ್ಕೆ, ಒಂದು ರಾಜ್ಯದ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಬಾರದು.

ಎರಡನೆಯದು ಮೌನದ ಗಡುವು. ಕಾಯಿದೆಯ 20ನೆಯ ಕಲಮಿನಂತೆ, ನೌಕರನು ಇಲಾಖೆಯೊಳಗಿನ ಪರಿಹಾರಮಾರ್ಗಗಳನ್ನು ಮೊದಲು ಬಳಸಿ ಮುಗಿಸಿರಬೇಕು. ಹಾಗೆಂದು ಇಲಾಖೆಯು ಉತ್ತರಿಸುವವರೆಗೂ ಕಾಯಬೇಕಿಲ್ಲ. ಮೇಲ್ಮನವಿ ಅಥವಾ ಮನವಿ ಕೊಟ್ಟು ಆರು ತಿಂಗಳಾದರೂ ಅಂತಿಮ ಆದೇಶ ಬಾರದಿದ್ದರೆ ಪರಿಹಾರಮಾರ್ಗ ಮುಗಿಯಿತೆಂದೇ ಕಾಯಿದೆ ಭಾವಿಸುತ್ತದೆ. ರಾಷ್ಟ್ರಪತಿಗೋ ರಾಜ್ಯಪಾಲರಿಗೋ ವಿಜ್ಞಾಪನೆ ಸಲ್ಲಿಸುವುದನ್ನು, ನೌಕರನೇ ಆ ದಾರಿಯನ್ನು ಆರಿಸಿಕೊಂಡಿರದ ಹೊರತು, ಇಂಥ ಮಾರ್ಗವೆಂದು ಕಾಯಿದೆ ಎಣಿಸುವುದಿಲ್ಲ.

ಮೂರನೆಯದು ನ್ಯಾಯಮಂಡಳಿಯ ಗಡುವು. 21ನೆಯ ಕಲಮಿನಂತೆ ಅಂತಿಮ ಆದೇಶದ ದಿನದಿಂದ ಒಂದು ವರ್ಷದೊಳಗೆ, ಆದೇಶವೇ ಬಾರದಿದ್ದಲ್ಲಿ ಮೇಲೆ ಹೇಳಿದ ಆರು ತಿಂಗಳು ಕಳೆದ ದಿನದಿಂದ ಒಂದು ವರ್ಷದೊಳಗೆ, ಮೂಲ ಅರ್ಜಿ ದಾಖಲಾಗಬೇಕು. ಅಂದರೆ ಮನವಿ ಕೊಟ್ಟು ಉತ್ತರ ಕಾಣದವನ ಕೈಯಲ್ಲಿರುವುದು ಒಟ್ಟು ಹದಿನೆಂಟು ತಿಂಗಳು. ತಡವಾದಲ್ಲಿ ಸಾಕಷ್ಟು ಕಾರಣವಿತ್ತೆಂದು ಮನಗಾಣಿಸಿದರೆ ಮಂಡಳಿಯು ವಿಳಂಬವನ್ನು ಮನ್ನಿಸಬಹುದು.

ಕಾಗದದ ಮೇಲೆ ಇದು ಸರಳವೆನಿಸುತ್ತದೆ. ಬದುಕಿನಲ್ಲಿ ಹೇಗೆ ಎಡವುತ್ತೇವೆಂಬುದನ್ನು ಕಲ್ಪಿತ ಉದಾಹರಣೆಯೊಂದರಿಂದ ನೋಡೋಣ. ಆಲುವದಲ್ಲಿ ನೆಲೆಸಿರುವ ಕೇಂದ್ರ ಇಲಾಖೆಯ ಗುಮಾಸ್ತರೊಬ್ಬರು ಎಂದಿಟ್ಟುಕೊಳ್ಳಿ. 2023ರ ಜನವರಿ 10ರಂದು ಹೊರಬಿದ್ದ ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರಿಗಿಂತ ಕಿರಿಯರ ಹೆಸರಿದೆ. ಫೆಬ್ರವರಿ 20ರಂದು ಅವರು ಮನವಿ ಕೊಟ್ಟರು. ಉತ್ತರವಿಲ್ಲ. ಅಕ್ಟೋಬರಿನಲ್ಲಿ ಒಂದು ನೆನಪೋಲೆ, ಮರುವರ್ಷ ಮಾರ್ಚಿನಲ್ಲಿ ಇನ್ನೊಂದು. ಮೇಲಧಿಕಾರಿಯು ‘ಫೈಲು ಮೇಲೆ ಹೋಗಿದೆ, ನೋಡೋಣ’ ಎಂದರು. ಕೊನೆಗೆ 2024ರ ನವೆಂಬರಿನಲ್ಲಿ ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿದೆ, ಪುರಸ್ಕರಿಸಲು ಸಾಧ್ಯವಿಲ್ಲ’ ಎಂಬ ಎರಡು ಸಾಲಿನ ಪತ್ರ ಬಂದಿತು. ಈಗ ಉತ್ತರ ಬಂದಿದೆ, ಇನ್ನು ಒಂದು ವರ್ಷದ ಸಮಯವಿದೆ ಎಂದು ಅವರು ಸಮಾಧಾನಪಟ್ಟರು. 2025ರ ಜನವರಿಯಲ್ಲಿ ವಕೀಲರನ್ನು ಕಂಡರು.

ಕಾಯಿದೆಯ ಲೆಕ್ಕವೇ ಬೇರೆ. ಮನವಿಯ ಆರು ತಿಂಗಳು 2023ರ ಆಗಸ್ಟ್ 20ಕ್ಕೆ ಮುಗಿದವು. ಅಲ್ಲಿಂದ ಒಂದು ವರ್ಷವೆಂದರೆ 2024ರ ಆಗಸ್ಟ್ 20. ಪತ್ರ ಅವರ ಕೈ ಸೇರುವ ಮೂರು ತಿಂಗಳ ಮೊದಲೇ ಬಾಗಿಲು ಮುಚ್ಚಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಇನ್ನು ಅವರು ಬಡ್ತಿಯ ವಾದಕ್ಕಿಂತ ಮೊದಲು ವಿಳಂಬದ ವಿವರಣೆಯನ್ನು ಒಪ್ಪಿಸಬೇಕಾಗುತ್ತದೆ.

ನ್ಯಾಯಾಲಯಗಳು ಹೇಳಿದ್ದು

ಇದು ನಮ್ಮ ಅತಿಯಾದ ಅಂಜಿಕೆಯೆಂದು ಓದುಗರು ತಿಳಿಯಬಾರದು. 1989ರಲ್ಲಿ ಎಸ್.ಎಸ್. ರಾಥೋರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠವು, ಕಾನೂನು ಒದಗಿಸಿರದ ಮನವಿಗಳನ್ನು ಮೇಲಿಂದ ಮೇಲೆ ಸಲ್ಲಿಸುವುದರಿಂದ ಕಾಲಮಿತಿ ಹಿಗ್ಗುವುದಿಲ್ಲವೆಂದು ತೀರ್ಮಾನಿಸಿತು. 2008ರ ಸಿ. ಜೇಕಬ್ ಪ್ರಕರಣ ಮತ್ತು 2010ರ ಎಂ.ಕೆ. ಸರ್ಕಾರ್ ಪ್ರಕರಣಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾಲ ಮೀರಿದ ಬೇಡಿಕೆಗೆ ಇಲಾಖೆಯು ತಡವಾಗಿ ಉತ್ತರ ಕೊಟ್ಟ ಮಾತ್ರಕ್ಕೆ, ಅಥವಾ ನ್ಯಾಯಾಲಯವು ‘ಮನವಿಯನ್ನು ಪರಿಶೀಲಿಸಿ’ ಎಂದು ಆದೇಶಿಸಿದ ಮಾತ್ರಕ್ಕೆ, ಸತ್ತ ಹಕ್ಕು ಮರಳಿ ಜೀವ ತಳೆಯುವುದಿಲ್ಲ ಎಂದಿತು. ವಿಳಂಬ ಮನ್ನಿಸಬೇಕೆಂಬ ಅರ್ಜಿಯನ್ನೇ ಸಲ್ಲಿಸದಿದ್ದಾಗ ಮಂಡಳಿಯು ಪ್ರಕರಣದ ಗುಣಾವಗುಣಗಳಿಗೆ ಇಳಿಯುವಂತಿಲ್ಲ ಎಂಬುದು 1999ರ ರಮೇಶ್ ಚಂದ್ ಶರ್ಮ ಪ್ರಕರಣದ ತೀರ್ಪು. ಎದುರು ಪಕ್ಷವು ಆಕ್ಷೇಪವೆತ್ತದಿದ್ದರೂ ಕಾಲಮಿತಿಯನ್ನು ಮೊದಲು ನೋಡುವುದು ಮಂಡಳಿಯ ಕರ್ತವ್ಯವೆಂದು 2011ರಲ್ಲಿ ಡಿ.ಸಿ.ಎಸ್. ನೇಗಿ ಪ್ರಕರಣದಲ್ಲಿ ಹೇಳಲಾಯಿತು.

ನಮ್ಮ ಕರ್ನಾಟಕದ ಶಿಕ್ಷಕರದೇ ಒಂದು ಪ್ರಕರಣ ಇಡೀ ದೇಶಕ್ಕೆ ಪಾಠವಾಗಿ ಉಳಿದಿದೆ. ಶಿಕ್ಷಣ ಇಲಾಖೆಯ ಶಿಕ್ಷಕರು ಕೆಲವರು 1981-82ರಲ್ಲಿ ರಜಾ ಪ್ರವಾಸ ಭತ್ಯೆ ಪಡೆದಿದ್ದರು. ಪ್ರವಾಸ ಮಾಡಿಲ್ಲವೆಂಬ ಕಾರಣ ಮುಂದೊಡ್ಡಿ 1984ರಿಂದ 86ರ ನಡುವೆ ಆ ಹಣವನ್ನು ಮರಳಿ ವಸೂಲು ಮಾಡಲಾಯಿತು. ಅವರಲ್ಲಿ ಕೆಲವರು ಆಡಳಿತ ನ್ಯಾಯಮಂಡಳಿಗೆ ಹೋದರು, ಗೆದ್ದರು. ಆ ಗೆಲುವಿನ ಸುದ್ದಿ ಕೇಳಿದ ಉಳಿದವರು 1989ರಲ್ಲಿ ‘ನಮಗೂ ಅದೇ ನ್ಯಾಯ ಸಲ್ಲಲಿ’ ಎಂದು ಅರ್ಜಿ ಹಾಕಿದರು. ಮಂಡಳಿಯು ಒಪ್ಪಿತು. ಕರ್ನಾಟಕ ಸರಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1996ರಲ್ಲಿ ಬಂದ ತೀರ್ಪು, ಎಸ್.ಎಂ. ಕೋಟ್ರಯ್ಯ ಪ್ರಕರಣವೆಂದು ಹೆಸರಾದುದು, ಶಿಕ್ಷಕರಿಗೆ ವಿರುದ್ಧವಾಗಿತ್ತು. ಇತರರು ಗೆದ್ದ ಸಂಗತಿ ಈಗ ತಿಳಿಯಿತೆಂಬುದು ವಿಳಂಬಕ್ಕೆ ಸಮರ್ಪಕ ಕಾರಣವಾಗಲಾರದು, ನಿಗದಿತ ಅವಧಿಯಲ್ಲಿ ತಾವೇಕೆ ಬರಲಿಲ್ಲವೆಂಬುದನ್ನು ವಿವರಿಸಬೇಕು ಎಂಬುದು ಅದರ ಸಾರ.

ಒಂದೇ ಶಾಲೆಯ ಒಂದೇ ಕೊಠಡಿಯಲ್ಲಿ ಕುಳಿತ ಇಬ್ಬರು ಶಿಕ್ಷಕರು, ಒಂದೇ ಬಗೆಯ ಕಡಿತ. ಒಬ್ಬರಿಗೆ ಹಣ ಮರಳಿತು, ಇನ್ನೊಬ್ಬರಿಗೆ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಅವರಿಬ್ಬರ ನಡುವೆ ಇದ್ದ ಅಂತರ ಬರಿಯ ದಿನಾಂಕದ್ದು. ಸಮಾನ ಸ್ಥಿತಿಯಲ್ಲಿರುವ ನೌಕರರಿಗೆ ಸಮಾನ ಪ್ರಯೋಜನ ದೊರೆಯಬೇಕೆಂಬುದೇ ಸಾಮಾನ್ಯ ನಿಯಮವೆಂದು 2014ರಲ್ಲಿ ಅರವಿಂದ ಕುಮಾರ್ ಶ್ರೀವಾಸ್ತವ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ ನಿಜ. ಆದರೆ ಬೇಲಿಯ ಮೇಲೆ ಕುಳಿತು ಯಾರು ಗೆಲ್ಲುತ್ತಾರೋ ನೋಡೋಣ ಎಂದವರಿಗೆ ಆ ನಿಯಮ ಸಲ್ಲದು ಎಂಬ ಅಪವಾದವನ್ನೂ ಅದೇ ತೀರ್ಪು ಇರಿಸಿಕೊಂಡಿದೆ. ಇಡೀ ವರ್ಗಕ್ಕೆ ಅನ್ವಯಿಸಬೇಕೆಂಬ ಉದ್ದೇಶದಿಂದಲೇ ಕೊಟ್ಟ ತೀರ್ಪುಗಳ ಮಾತು ಬೇರೆ. ಅಂಥಲ್ಲಿ ಎಲ್ಲರಿಗೂ ಪ್ರಯೋಜನವನ್ನು ವಿಸ್ತರಿಸುವುದು ಸರಕಾರದ ಹೊಣೆ.

ಮಿತಿ ಬೇಕೇ ಬೇಡವೇ

ಹಾಗಿದ್ದರೆ ಈ ಕಾಲಮಿತಿಯೇ ಅನ್ಯಾಯವೇ? ನಾವು ಹಾಗೆ ಹೇಳುವುದಿಲ್ಲ. ಬಡ್ತಿ ಮತ್ತು ಜ್ಯೇಷ್ಠತೆಯ ವಿಷಯಗಳಲ್ಲಿ ಒಬ್ಬರ ಸ್ಥಾನ ಬದಲಾದರೆ ಹತ್ತು ಜನರ ಸ್ಥಾನ ಕದಲುತ್ತದೆ. ಹತ್ತು ವರ್ಷದ ಹಿಂದಿನ ಪಟ್ಟಿಯನ್ನು ಇಂದು ಕೆದಕಿದರೆ, ನಡುವೆ ಬಡ್ತಿ ಪಡೆದು ಆ ಭರವಸೆಯ ಮೇಲೆ ಸಾಲ ಮಾಡಿ ಮನೆ ಕಟ್ಟಿದವನ ಗತಿಯೇನು? 1974ರಷ್ಟು ಹಿಂದೆಯೇ, ನ್ಯಾಯಮಂಡಳಿಗಳಿನ್ನೂ ಇಲ್ಲದ ಕಾಲದಲ್ಲಿ, ತಮಿಳುನಾಡಿನ ಸದಾಶಿವಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಿರಿಯರಿಗೆ ಬಡ್ತಿ ದೊರೆತುದನ್ನು ಪ್ರಶ್ನಿಸುವವನು ಆರು ತಿಂಗಳೊಳಗೆ, ಹೆಚ್ಚೆಂದರೆ ಒಂದು ವರ್ಷದೊಳಗೆ ಬರಬೇಕು ಎಂದಿತ್ತು. ಈ ಮಾತಿನಲ್ಲಿ ವಿವೇಕವಿದೆ.

ಪಿಂಚಣಿ ಮತ್ತು ವೇತನ ನಿಗದಿಗಳ ವಿಷಯ ಹಾಗಲ್ಲ. ಅಲ್ಲಿ ಒಬ್ಬರಿಗೆ ಸಲ್ಲುವುದರಿಂದ ಇನ್ನೊಬ್ಬರಿಗೆ ನಷ್ಟವಿಲ್ಲ. ತಪ್ಪು ವೇತನ ನಿಗದಿಯು ಪ್ರತಿ ತಿಂಗಳೂ ಮರುಕಳಿಸುವ ಅನ್ಯಾಯವೆಂದು 1995ರ ಎಂ.ಆರ್. ಗುಪ್ತ ಪ್ರಕರಣದಲ್ಲಿ ಹೇಳಲಾಯಿತು. 1983ರಲ್ಲಿ ಸೇನೆಯಿಂದ ಅನಾರೋಗ್ಯದ ಕಾರಣ ಬಿಡುಗಡೆಯಾಗಿ 1999ರಲ್ಲಿ ನ್ಯಾಯಾಲಯಕ್ಕೆ ಬಂದ ಯೋಧನ ಪ್ರಕರಣದಲ್ಲಿ, 2008ರ ತರ್ಸೇಮ್ ಸಿಂಗ್ ತೀರ್ಪು ಇದಕ್ಕೆ ಒಂದು ಅಳತೆ ಹಾಕಿಕೊಟ್ಟಿತು. ಹಕ್ಕು ಸಾಯುವುದಿಲ್ಲ, ಆದರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿ ಹಾಕುವುದಕ್ಕಿಂತ ಹಿಂದಿನ ಮೂರು ವರ್ಷಗಳಿಗಷ್ಟೇ ಸೀಮಿತ.

ಇದರ ಅರ್ಥವನ್ನು ಮನೆಯ ಮಾತಿನಲ್ಲಿ ಹೇಳುವುದಾದರೆ: ಗಂಡನ ಸೇವೆಯ ಲೆಕ್ಕ ತಪ್ಪಾಗಿ ಹಿಡಿದುದರಿಂದ ಕುಟುಂಬ ಪಿಂಚಣಿ ಕಡಿಮೆ ಬರುತ್ತಿರುವ ತಾಯಿಯೊಬ್ಬರು ‘ಇಷ್ಟು ವರ್ಷವಾಯಿತು, ಇನ್ನೇನು ಪ್ರಯೋಜನ’ ಎಂದು ಕೈಚೆಲ್ಲಬೇಕಾಗಿಲ್ಲ. ಮುಂದಿನ ತಿಂಗಳುಗಳಿಗೆ ಸರಿಯಾದ ಮೊತ್ತ ಕೇಳುವ ದಾರಿ ತೆರೆದಿದೆ. ಆದರೆ ಮೂರು ವರ್ಷದ ಗೆರೆ ದಾಟಿದವರು ಅರ್ಜಿಯನ್ನು ಒಂದು ತಿಂಗಳು ತಡ ಮಾಡಿದರೆ ಹಿಂಬಾಕಿಯಲ್ಲಿ ಒಂದು ತಿಂಗಳು ಕರಗುತ್ತದೆ.

ತಕ್ಕಡಿಯ ಇನ್ನೊಂದು ತಟ್ಟೆ

ನೌಕರನಿಗೆ ಇಷ್ಟು ಕಟ್ಟುನಿಟ್ಟಾದ ಕಾಲವು ಸರಕಾರಕ್ಕೂ ಅಷ್ಟೇ ಕಟ್ಟುನಿಟ್ಟಾಗಿದೆಯೇ? ಬಹುಕಾಲ ಇರಲಿಲ್ಲ. 1987ರ ಕಾತಿಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಳಂಬದ ಬಗೆಗೆ ಉದಾರ ದೃಷ್ಟಿ ಇರಬೇಕೆಂದು ಹೇಳಿದ ಬಳಿಕ, ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಹಿಡಿದ ಸಮಯವನ್ನೇ ಕಾರಣವಾಗಿ ತೋರಿಸಿ ಸರಕಾರಗಳು ಮೇಲ್ಮನವಿ ಹೂಡುತ್ತಿದ್ದವು. ಸೋತ ಇಲಾಖೆಯು ತಡವಾಗಿ ಮೇಲಿನ ನ್ಯಾಯಾಲಯಕ್ಕೆ ಹೋದಾಗ ಗೆದ್ದ ನೌಕರನು ನಿವೃತ್ತನಾಗಿರುತ್ತಾನೆ. ಕೆಲವೊಮ್ಮೆ ಬದುಕಿಯೇ ಇರುವುದಿಲ್ಲ.

ಗಾಳಿಯ ದಿಕ್ಕು ನಿಧಾನವಾಗಿ ಬದಲಾಗಿದೆಯೆಂಬುದು ಸಮಾಧಾನದ ಸಂಗತಿ. 2012ರಲ್ಲಿ ಅಂಚೆ ಇಲಾಖೆಯು 427 ದಿನಗಳ ವಿಳಂಬವನ್ನು ಮನ್ನಿಸಬೇಕೆಂದು ಕೋರಿದಾಗ, ಸರಕಾರಕ್ಕೆ ಬೇರೊಂದು ಗಡಿಯಾರವಿಲ್ಲವೆಂಬ ನಿಲುವಿನಿಂದ ಸರ್ವೋಚ್ಚ ನ್ಯಾಯಾಲಯವು ನಿರಾಕರಿಸಿತು. 2020ರಲ್ಲಿ 663 ದಿನ ತಡವಾಗಿ ಬಂದ ಮಧ್ಯಪ್ರದೇಶ ಸರಕಾರಕ್ಕೆ 25,000 ರೂಪಾಯಿ ದಂಡ ವಿಧಿಸಿತು. 2025ರ ಸೆಪ್ಟೆಂಬರಿನಲ್ಲಿ, ಸೇವಾ ವ್ಯಾಜ್ಯವಲ್ಲದಿದ್ದರೂ ನಮಗೆ ಹತ್ತಿರದ ಪ್ರಕರಣವೊಂದರಲ್ಲಿ, ಕರ್ನಾಟಕ ಗೃಹ ಮಂಡಳಿಯ 3,966 ದಿನಗಳ ವಿಳಂಬವನ್ನು ಮನ್ನಿಸಿದ್ದ ಉಚ್ಚ ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿತು. ಹತ್ತು ವರ್ಷಗಳಿಗೂ ಮಿಕ್ಕಿದ ವಿಳಂಬವದು!

ಹಾಗಿದ್ದರೂ ತಕ್ಕಡಿ ಸಮವಾಯಿತೆಂದು ನಾವು ಹೇಳಲಾರೆವು. ಇಲಾಖೆಗೆ ಕಾನೂನು ವಿಭಾಗವಿದೆ, ಸ್ಥಾಯಿ ವಕೀಲರಿದ್ದಾರೆ. ನೌಕರನ ಬಳಿ ಇರುವುದು ಒಂದು ರಟ್ಟಿನ ಫೈಲು ಮತ್ತು ಭಯ. ನೀರಿನಲ್ಲಿದ್ದು ಮೊಸಳೆಯೊಡನೆ ವೈರ ಕಟ್ಟಿಕೊಳ್ಳುವುದೇ ಎಂಬ ಅಂಜಿಕೆ ಅವನನ್ನು ತಡೆಯುತ್ತದೆ. ಊರಿನಿಂದ ದೂರವಿರುವವನಿಗೆ ಇನ್ನೂ ದೂರಕ್ಕೆ ವರ್ಗವಾದೀತೆಂಬ ಆತಂಕ ಬೇರೆ. ಅವನ ವಿಳಂಬವನ್ನು ಬರಿಯ ಸೋಮಾರಿತನವೆಂದು ಕರೆಯುವುದು ಅವನ ಸ್ಥಿತಿಯನ್ನು ಅರಿಯದವರ ಮಾತು.

ಯಾವ ಬಾಗಿಲು, ಯಾವ ಭಾಷೆ

ಗಡುವಿನಷ್ಟೇ ಮುಖ್ಯವಾದುದು ಯಾವ ಬಾಗಿಲನ್ನು ತಟ್ಟಬೇಕೆಂಬುದು. ತಪ್ಪು ಬಾಗಿಲಲ್ಲಿ ಕಳೆದ ದಿನಗಳಿಗೂ ಮುಂದೆ ವಿವರಣೆ ಕೊಡಬೇಕಾಗುತ್ತದೆ. ಆಲುವದ ಪಕ್ಕದ ಉದ್ಯೋಗಮಂಡಲದಲ್ಲಿ 1943ರಲ್ಲಿ ಸ್ಥಾಪಿತವಾದ ಫ್ಯಾಕ್ಟ್ ಗೊಬ್ಬರದ ಕಾರ್ಖಾನೆಯಿದೆ. ಅದು ಕೇಂದ್ರ ಸರಕಾರದ ಉದ್ದಿಮೆ ಎಂದೊಡನೆ ಅಲ್ಲಿಯ ನೌಕರನ ವ್ಯಾಜ್ಯ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಬರುತ್ತದೆಂದು ತಿಳಿಯಬಾರದು. 14ನೆಯ ಕಲಮಿನ ಎರಡನೆಯ ಉಪಕಲಮಿನಡಿ ಹೆಸರಿಸಿ ಅಧಿಸೂಚನೆ ಹೊರಡಿಸಿದ ಸಂಸ್ಥೆಗಳಷ್ಟೇ ಅದರ ವ್ಯಾಪ್ತಿಗೆ ಬರುತ್ತವೆ. ಕೇಂದ್ರೀಯ ವಿದ್ಯಾಲಯ ಸಂಘಟನೆ ಹಾಗೆ ಸೇರಿದ ಒಂದು ಸಂಸ್ಥೆ. ಕಾರ್ಖಾನೆಯ ಕಾರ್ಮಿಕನಿಗೆ ಕೈಗಾರಿಕಾ ನ್ಯಾಯಮಂಡಳಿಯ ದಾರಿಯಿದೆ. ಕೆಲಸದಿಂದ ತೆಗೆದುಹಾಕಲ್ಪಟ್ಟವನು ನೇರವಾಗಿ ಅರ್ಜಿ ಹಾಕಲು ಹಳೆಯ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಮೂರು ವರ್ಷಗಳ ಅವಧಿಯಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಅದು ಎರಡು ವರ್ಷಗಳಿಗೆ ಇಳಿದಿದೆ.

ನೌಕಾದಳದಲ್ಲಿಯೂ ಇಂಥದೇ ವ್ಯತ್ಯಾಸವಿದೆ. ನಾಗರಿಕ ನೌಕರನು ಆಡಳಿತ ನ್ಯಾಯಮಂಡಳಿಗೆ ಹೋದರೆ, ಸಮವಸ್ತ್ರದ ನಾವಿಕನು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ ಹೋಗಬೇಕು. ಅಲ್ಲಿ ಅಂತಿಮ ಆದೇಶದಿಂದ ಒಂದು ವರ್ಷವಲ್ಲ, ಆರೇ ತಿಂಗಳು. ಕಾಸರಗೋಡಿನ ಅನುದಾನಿತ ಕನ್ನಡ ಶಾಲೆಯ ಶಿಕ್ಷಕರ ಸಂಬಳ ಸರಕಾರದ ಖಜಾನೆಯಿಂದಲೇ ಬಂದರೂ ಅವರು ಸರಕಾರಿ ನೌಕರರಲ್ಲ; ಶಿಕ್ಷಣ ನಿಯಮಾವಳಿಯ ಮೇಲ್ಮನವಿ ಮುಗಿಸಿ ಅವರು ಹೋಗಬೇಕಾದುದು ಉಚ್ಚ ನ್ಯಾಯಾಲಯಕ್ಕೆ.

ಮಂಡಳಿಯ ಆದೇಶವೂ ಕೊನೆಯ ಮಾತಲ್ಲ. ಅದರಲ್ಲಿ ಸ್ಪಷ್ಟವಾದ ತಪ್ಪಿದ್ದರೆ ಕೇಂದ್ರ ಮಂಡಳಿಯಲ್ಲಿ ಪುನರ್‌ಪರಿಶೀಲನೆ ಕೋರಲು ಪ್ರತಿ ಸಿಕ್ಕಿದ ದಿನದಿಂದ 30 ದಿನಗಳ ಅವಕಾಶ. 1997ರ ಎಲ್. ಚಂದ್ರಕುಮಾರ್ ತೀರ್ಪಿನ ಬಳಿಕ ಮಂಡಳಿಯ ಆದೇಶವನ್ನು ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದಲ್ಲಿ ಪ್ರಶ್ನಿಸಬಹುದಾಗಿದೆ. ಅಲ್ಲಿಯೂ ಸೋತವರಿಗೆ ಸರ್ವೋಚ್ಚ ನ್ಯಾಯಾಲಯಕ್ಕೆ ವಿಶೇಷ ಅನುಮತಿ ಅರ್ಜಿ ಸಲ್ಲಿಸಲು 90 ದಿನಗಳಿವೆ. ಗೆದ್ದವರು ಮರೆಯಬಾರದ ಗಡುವೂ ಒಂದಿದೆ. ಆದೇಶವನ್ನು ಇಲಾಖೆಯು ಪಾಲಿಸದಿದ್ದರೆ, ನ್ಯಾಯಾಂಗ ನಿಂದನೆಯ ಕ್ರಮವನ್ನು ಉಲ್ಲಂಘನೆಯಾದ ದಿನದಿಂದ ಒಂದು ವರ್ಷದೊಳಗೆ ಕೈಗೊಳ್ಳಬೇಕೆಂದು 1971ರ ಕಾಯಿದೆ ಹೇಳುತ್ತದೆ. ತೀರ್ಪು ಬಂದಿತೆಂದು ಸಿಹಿ ಹಂಚಿ ಸುಮ್ಮನೆ ಕುಳಿತವರು ಈ ಆಯುಧವನ್ನು ಕಳೆದುಕೊಳ್ಳುತ್ತಾರೆ.

ಇನ್ನು ಭಾಷೆಯ ಮಾತು. ಸಂವಿಧಾನದ 350ನೆಯ ವಿಧಿಯಂತೆ, ಯಾವುದೇ ವ್ಯಕ್ತಿಯು ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡವು ಇಂದಿಗೂ ಮನೆಯ, ಶಾಲೆಯ, ಅಂಗಡಿಯ ಭಾಷೆ. ಆದುದರಿಂದ ಮಂಜೇಶ್ವರದ ನೌಕರನು ಕನ್ನಡದಲ್ಲಿ ಬರೆದು ಕೊಟ್ಟ ಮನವಿಯೂ ಮನವಿಯೇ. ಅದನ್ನು ಕೊಟ್ಟ ದಿನದಿಂದಲೇ ಆರು ತಿಂಗಳ ಎಣಿಕೆ ಆರಂಭವಾಗಬೇಕು. ಆದರೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಭಾಷೆ ಇಂಗ್ಲಿಷ್. ದಾಖಲೆಗಳಿಗೆ ಹಿಂದಿಗೂ ಅವಕಾಶವಿದೆ. ಕನ್ನಡದ ಕಾಗದಕ್ಕೆ ಅನುವಾದ ಜೋಡಿಸಬೇಕಾಗುತ್ತದೆ. ಕಾಸರಗೋಡಿನಿಂದ ರಾತ್ರಿಯ ರೈಲು ಹತ್ತಿ ಎರ್ನಾಕುಳಂಗೆ ಬರುವವನು ಅನುವಾದಕ್ಕೆ, ವಕೀಲರ ಭೇಟಿಗೆ, ದಾಖಲೆಗಳ ನಕಲಿಗೆ ಹಿಡಿಯುವ ದಿನಗಳನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ನಮ್ಮ ಬೇಡಿಕೆ

ಕಾಲಮಿತಿಯನ್ನು ತೆಗೆದುಹಾಕಿ ಎಂದು ನಾವು ಕೇಳುತ್ತಿಲ್ಲ. ನೌಕರನ ವಿರುದ್ಧ ಹೊರಡುವ ಪ್ರತಿಯೊಂದು ಆದೇಶದ ಕೊನೆಯಲ್ಲಿ ‘ಇದರ ವಿರುದ್ಧ ಇಂಥ ಅಧಿಕಾರಿಗೆ ಇಷ್ಟು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಆರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಇಂಥ ನ್ಯಾಯಮಂಡಳಿಗೆ ಹೋಗಬಹುದು’ ಎಂಬ ಎರಡು ಸಾಲು ಇರಬೇಕೆಂಬುದಷ್ಟೇ ನಮ್ಮ ಬೇಡಿಕೆ. ಇದು ಹೊಸ ಕಲ್ಪನೆಯೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 7ನೆಯ ಕಲಮಿನ ಎಂಟನೆಯ ಉಪಕಲಮಿನಂತೆ, ಮಾಹಿತಿ ನಿರಾಕರಿಸುವ ಅಧಿಕಾರಿಯು ಕಾರಣವನ್ನೂ ಮೇಲ್ಮನವಿಯ ಅವಧಿಯನ್ನೂ ಮೇಲ್ಮನವಿ ಪ್ರಾಧಿಕಾರದ ವಿವರವನ್ನೂ ಪತ್ರದಲ್ಲಿಯೇ ತಿಳಿಸಬೇಕು. ಒಂದು ಕಾಗದದ ನಕಲು ಕೇಳಿದ ನಾಗರಿಕನಿಗೆ ಕೊಡುವ ಈ ಸೌಜನ್ಯವನ್ನು, ಮೂವತ್ತು ವರ್ಷ ದುಡಿದ ತನ್ನ ನೌಕರನ ಹೊಟ್ಟೆಪಾಡಿನ ವಿಷಯದಲ್ಲಿ ಸರಕಾರವು ತೋರಿಸಬಾರದೇಕೆ? ಭಾಷಾ ಅಲ್ಪಸಂಖ್ಯಾತರಿರುವ ಕಡೆ ಆ ಎರಡು ಸಾಲುಗಳು ಅವರ ಭಾಷೆಯಲ್ಲಿಯೂ ಇರಲಿ. ಇದಕ್ಕೆ ಹೊಸ ಕಾಯಿದೆ ಬೇಡ, ಒಂದು ಸುತ್ತೋಲೆ ಸಾಕು.

ಆ ಸುತ್ತೋಲೆ ಬರುವ ತನಕ ನಮ್ಮ ಜಾಗರೂಕತೆಯೇ ನಮಗೆ ರಕ್ಷೆ. ಆದೇಶ ಕೈಗೆ ಬಂದ ದಿನವನ್ನು ಅದರ ಅಂಚಿನಲ್ಲಿ ಬರೆದಿಡಿ, ಲಕೋಟೆಯನ್ನು ಎಸೆಯಬೇಡಿ. ಮನವಿಯನ್ನು ಬಾಯಿಮಾತಿಗೆ ಬಿಡದೆ ಬರೆದು ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅಂದಿನಿಂದ ಆರು ತಿಂಗಳು, ಮತ್ತೆ ಒಂದು ವರ್ಷ, ಎರಡೂ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೆನಪೋಲೆಗಳನ್ನು ಬರೆಯಿರಿ, ತಪ್ಪಿಲ್ಲ. ಆದರೆ ಅವು ದಿನವನ್ನು ಮುಂದೂಡುತ್ತವೆಂದು ನಂಬಬೇಡಿ. ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯನ್ನು ಜೊತೆಯಲ್ಲಿಯೇ ಸಲ್ಲಿಸಿ. ಕಾಯಿಲೆ, ಆಸ್ಪತ್ರೆ, ವರ್ಗಾವಣೆಗಳ ದಾಖಲೆಗಳನ್ನು ಲಗತ್ತಿಸಿ. ಕೇಂದ್ರ ನ್ಯಾಯಮಂಡಳಿಯ ಅರ್ಜಿಯ ಶುಲ್ಕ 50 ರೂಪಾಯಿ. ಅರ್ಜಿದಾರನು ವಕೀಲರಿಲ್ಲದೆ ತಾನೇ ವಾದಿಸಲೂ ಕಾಯಿದೆ ಅವಕಾಶವಿತ್ತಿದೆ. ನಿವೃತ್ತರು ತಾವು ಈಗ ವಾಸವಾಗಿರುವ ಊರಿನ ವ್ಯಾಪ್ತಿಯ ಪೀಠದಲ್ಲಿಯೇ ಅರ್ಜಿ ಹಾಕಬಹುದು. ಕೊಚ್ಚಿಯಲ್ಲಿ ಸೇವೆ ಮುಗಿಸಿ ಶಿವಮೊಗ್ಗಕ್ಕೆ ಮರಳಿದವರು ಬೆಂಗಳೂರು ಪೀಠಕ್ಕೆ ಹೋದರೆ ಸಾಕು.

ಕೋರ್ಟು ಕಚೇರಿ ಯಾರಿಗೂ ಬೇಡ ಎಂಬುದು ನಮ್ಮ ಹಿರಿಯರ ಮಾತು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಹೋಗಬೇಕೋ ಬೇಡವೋ ಎಂಬುದು ಪ್ರತಿಯೊಬ್ಬರ ಮನಸ್ಸಿಗೂ ಮನೆಯ ಪರಿಸ್ಥಿತಿಗೂ ಬಿಟ್ಟ ವಿಷಯ. ಹೋಗುವುದಿಲ್ಲವೆಂದು ನಿರ್ಧರಿಸಿ ಬಿಟ್ಟುಕೊಟ್ಟರೆ ಅದರಲ್ಲಿ ಒಂದು ನೆಮ್ಮದಿಯಾದರೂ ಉಂಟು. ಹೋಗಬೇಕೆಂದುಕೊಂಡವನ ಹಕ್ಕು, ಉತ್ತರ ಬರುತ್ತದೆಂದು ಕಾದು ಕುಳಿತಿರುವಾಗಲೇ, ಅವನಿಗೆ ತಿಳಿಯದಂತೆ ಜಾರಿಹೋಗಬಾರದು. ಮುಂದಿನ ಸಲ ಸಂಘದ ಕೂಟದಲ್ಲಿ ಯಾರಾದರೂ ‘ಮನವಿ ಕೊಟ್ಟಿದ್ದೇನೆ, ಕಾಯುತ್ತಿದ್ದೇನೆ’ ಎಂದರೆ, ‘ಯಾವ ದಿನ ಕೊಟ್ಟಿರಿ?’ ಎಂದು ಕೇಳುವುದನ್ನು ನಾವೆಲ್ಲರೂ ರೂಢಿಮಾಡಿಕೊಳ್ಳೋಣ.